ಮೂರನೇ ಕೌಂಟರಿನ ಎಡಹುಬ್ಬು

"ಶುಕ್ರವಾರ ಒಂದು ಬರಲಿ! ಈ ಊರಲ್ಲಿ ನನಗಿಂತ ವಿನಯವಂತ ಇನ್ನೊಬ್ಬ ಇದ್ರೆ ಕರ್ಕೊಂಡು ಬಾ, ಅವನನ್ನೂ ಒಂದು ಕೈ ನೋಡ್ಕೋತೀನಿ!"

ಹೀಗೆಂದು ನಮ್ಮ ಗುಮಾಸ್ತರು ಮಂಗಳವಾರ ಸಂಜೆ ಹೆಂಡತಿಯ ಮುಂದೆ ಮೇಜು ಗುದ್ದಿ ಸಾರಿದರು. ವಿನಯದ ವಿಷಯಕ್ಕೆ ಮೇಜು ಗುದ್ದಿದವರು ಲೋಕದಲ್ಲಿ ಬಹುಶಃ ಇವರೊಬ್ಬರೇ. ಗುದ್ದಿದ ರಭಸಕ್ಕೆ ಟೀ ಲೋಟ ಉರುಳಿ ಅತ್ತೆಯವರು ಓದುತ್ತಿದ್ದ ಪತ್ರಿಕೆ ತೊಯ್ದುಹೋಯಿತು.

"ವಿನಯ ಶುರುವಾಯ್ತು ಅನ್ನಿಸುತ್ತೆ" ಎಂದರು ಅತ್ತೆ, ಪತ್ರಿಕೆಯನ್ನು ಒದರುತ್ತಾ.

ಗುಮಾಸ್ತರು ನೀರು ಸರಬರಾಜು ಕಚೇರಿಯವರು. ಅಲ್ಲಿ ಮೂರನೇ ಕೌಂಟರಿನ ಗಾಜಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದಾರೆ. ಹೊಸ ನಲ್ಲಿಯ ಅರ್ಜಿ, ಮೀಟರು ಬದಲಾವಣೆ, ಹೆಸರು ವರ್ಗಾವಣೆ, ಸಾರ್ವಜನಿಕರ ದೂರು, ಎಲ್ಲವೂ ಆ ಗಾಜಿನ ಕೆಳಗಿನ ಕಿಂಡಿಯಿಂದಲೇ ಒಳಗೆ ಬರಬೇಕು. ಇಷ್ಟು ವರ್ಷದಲ್ಲಿ ಕಿಂಡಿಯ ಆಚೆ ನಿಂತವರ ಜೊತೆ ಅವರು ಒಂದು ಮಾತು ಆಡಿದ್ದಿಲ್ಲ. ಆಡುವ ಅಗತ್ಯವಾದರೂ ಏನು? ಭಗವಂತ ಎಡಗಣ್ಣಿನ ಮೇಲೆ ಒಂದು ಹುಬ್ಬು ಕೊಟ್ಟಿದ್ದ!

ಅದೇನು ಸಾಮಾನ್ಯ ಹುಬ್ಬೇ? ದಟ್ಟವಾಗಿ, ಕಪ್ಪಗೆ, ಒಂಟಿಯಾಗಿ ಹಣೆಯ ತುಂಬಾ ಓಡಾಡಬಲ್ಲ ಹುಬ್ಬು! ಅರ್ಜಿಗೆ ಫೋಟೋ ಅಂಟಿಸದಿದ್ದರೆ ಅದು ಒಂದು ನೂಲು ಏರುತ್ತಿತ್ತು. ಜೆರಾಕ್ಸ್ ಪ್ರತಿ ಕಮ್ಮಿಯಿದ್ದರೆ ಎರಡು ನೂಲು. ಕೂದಲಿನ ಗಡಿ ಮುಟ್ಟುವಷ್ಟು ಏರಿತೆಂದರೆ 'ಇವತ್ತು ಆಗಲ್ಲ, ನಾಳೆ ಬನ್ನಿ' ಎಂದು ಅರ್ಥ. ಜನರೂ ಪಳಗಿದ್ದರು. ಸಾಲಿನಲ್ಲಿ ಹಿಂದೆ ನಿಂತವರು ಕತ್ತು ಚಾಚಿ ನೋಡಿ, "ಅಯ್ಯೋ, ಇವತ್ತು ತುಂಬ ಮೇಲಿದೆ" ಎಂದುಕೊಂಡು ಅಲ್ಲಿಂದಲೇ ಮನೆಗೆ ಹೋಗುತ್ತಿದ್ದರು. ಇಡೀ ಕಚೇರಿಯಲ್ಲಿ ಗಂಟಲು ನೋವಿನ ರಜೆ ಹಾಕದ ಏಕೈಕ ನೌಕರರು ನಮ್ಮವರು.

ಇಂಥ ಹುಬ್ಬಿಗೆ ಕುತ್ತು ಬಂದದ್ದು ಒಂದೇ ಒಂದು ಇಂಗ್ಲಿಷ್ ಪದದಿಂದ.

ಆ ದಿನ ಬೆಳಗ್ಗೆ ಹೊಸ ಮೇಲಧಿಕಾರಿ ಮೇಡಂ ಗುಮಾಸ್ತರನ್ನು ಕೋಣೆಗೆ ಕರೆಸಿದ್ದರು. "ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಿದೆ. ಪಟ್ಟಿಯಲ್ಲಿ ಮೊದಲು ಇರೋದು ನೀವೇ" ಎಂದರು. ಗುಮಾಸ್ತರ ಎದೆ ಉಬ್ಬಿತು. ಬಾಗಿಲಿರುವ ಕೋಣೆ, ತಿರುಗುವ ಕುರ್ಚಿ, ಗಂಟೆ ಒತ್ತಿದರೆ ಬರುವ ಜವಾನ, ಎಲ್ಲ ಕಣ್ಣ ಮುಂದೆ ಸಾಲಾಗಿ ಬಂದು ಕೈಮುಗಿದವು. ನಿವೃತ್ತಿಗೆ ಇನ್ನು ಮೂರೇ ವರ್ಷ. ಈಗ ತಪ್ಪಿದರೆ ಮತ್ತೆ ಸಿಗುವ ಮಾತೇ ಇಲ್ಲ.

"ಆದರೆ" ಎಂದರು ಮೇಡಂ. ಈ 'ಆದರೆ' ಎನ್ನುವುದು ಕಚೇರಿಗಳಲ್ಲಿ ಎಷ್ಟು ಮನೆ ಮುರಿದಿದೆಯೋ! "ಹಿಂದಿನ ಸಾಹೇಬರು ನಿವೃತ್ತಿಯಾಗೋ ಮುಂಚೆ ನಿಮ್ಮ ಗೋಪ್ಯ ವರದಿಯಲ್ಲಿ ಒಂದೇ ಒಂದು ಪದ ಬರೆದು ಹೋಗಿದ್ದಾರೆ. ಸೂಪರ್‌ಸಿಲಿಯಸ್."

ಪದದ ಮೊದಲರ್ಧ ಕೇಳಿ ಗುಮಾಸ್ತರು ನಕ್ಕರು. ಉಳಿದರ್ಧ ಹೇಳುವಾಗ ಮೇಡಂ ಮುಖ ನೋಡಿ ನಗು ನುಂಗಿಕೊಂಡರು.

"ಒಂದು ಪದ ನೋಡಿ ನಾನು ಯಾರ ಬಡ್ತಿಯನ್ನೂ ತಡೆಯೋಳಲ್ಲ. ಶುಕ್ರವಾರ ನಿಮ್ಮ ಕೌಂಟರ್ ಪಕ್ಕ ಕುರ್ಚಿ ಹಾಕ್ಕೊಂಡು ಒಂದು ಗಂಟೆ ಕೂರ್ತೀನಿ. ಈ ಮಾತು ನಿಜವೋ ಸುಳ್ಳೋ ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ."

ಪದದ ಅರ್ಥ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಗುಮಾಸ್ತರಿಗೆ ಮನಸ್ಸಾಗಲಿಲ್ಲ. ತಲೆಯಾಡಿಸಿ ಹೊರಬಂದರು. ಆದರೆ ಮನೆಯಲ್ಲಿ ಅತ್ತೆಯವರಿದ್ದರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗಳ ಮನೆಗೆ ಬರುವಾಗ ಎರಡು ಸೀರೆಪೆಟ್ಟಿಗೆಯ ಜೊತೆ ನಾಲ್ಕು ನಿಘಂಟು ತಂದವರು.

"ಅತ್ತೇವ್ರೇ, ನಮ್ಮ ಆಫೀಸಲ್ಲಿ ಒಬ್ಬರ ಬಗ್ಗೆ ಸೂಪರ್‌ಸಿಲಿಯಸ್ ಅಂತ ಬರೆದಿದ್ದಾರಂತೆ. ಹಾಗಂದ್ರೇನು?"

"ಯಾರ ಬಗ್ಗೆ?"

"ಯಾರೋ ಒಬ್ಬರು."

"ಮೂರನೇ ಕೌಂಟರಲ್ಲಿ ಕೂರ್ತಾರಾ?"

ಹೆಂಡತಿ ಅಡುಗೆಮನೆಯಲ್ಲಿ ಕಿಸಕ್ಕೆಂದಳು. ಅತ್ತೆ ಕನ್ನಡಕ ಒರೆಸಿಕೊಂಡರು. ನಿವೃತ್ತಿಯಾದ ಮೇಲೆ ಅವರಿಗೆ ಇಂಥ ಒಳ್ಳೆಯ ತರಗತಿ ಸಿಕ್ಕಿರಲಿಲ್ಲ.

"ತಾನು ಮೇಲೆ, ಉಳಿದವರೆಲ್ಲ ಕೆಳಗೆ ಅಂತ ನೋಡೋರಿಗೆ ಹೇಳೋ ಮಾತು. ಗರ್ವ ಅನ್ನಿ, ಜಂಬ ಅನ್ನಿ, ಧಿಮಾಕು ಅನ್ನಿ. ಯಾವುದು ಒಪ್ಪುತ್ತೋ ಅದನ್ನ ಇಟ್ಕೊಳ್ಳಿ."

"ನಾನ್ಯಾಕೆ ಇಟ್ಕೊಳ್ಳಲಿ? ಅದು ಯಾರಿಗೋ!"

"ಆ ಯಾರಿಗೋ ಕೊಡಿ. ಪದದ ಹುಟ್ಟು ಬಹಳ ಸ್ವಾರಸ್ಯ ಅಳಿಯಂದಿರೇ. ಇದು ಲ್ಯಾಟಿನ್‌ನಿಂದ ಬಂದದ್ದು. ಸೂಪರ್ ಅಂದ್ರೆ ಮೇಲೆ. ಸಿಲಿಯಂ ಅಂದ್ರೆ ಕಣ್ಣಿನ ರೆಪ್ಪೆ. ರೆಪ್ಪೆಯ ಮೇಲೆ ಏನಿದೆ?"

"ಏನಿದೆ?"

"ಹುಬ್ಬು! ಆ ಕಾಲದ ರೋಮಿನವರು ಹುಬ್ಬಿಗೇ ಈ ಹೆಸರು ಇಟ್ಟಿದ್ರು. ಜಂಬದವರು ಹುಬ್ಬೇರಿಸಿ ನೋಡ್ತಾರಲ್ಲ, ಹಾಗಾಗಿ ಬರಬರ್ತಾ ಅದು ಜಂಬಕ್ಕೂ ಹೆಸರಾಯ್ತು. ಜಂಬದ ಮನೆಯೇ ಹುಬ್ಬು ಅಂತಿದ್ರಂತೆ. ಅಂದ್ರೆ ನಿಜವಾದ ವಿಷಯ ಏನಪ್ಪಾ ಅಂದ್ರೆ, ಮನಸ್ಸಲ್ಲಿ..."

ಮನಸ್ಸಿನ ಭಾಗ ಗುಮಾಸ್ತರ ಕಿವಿಗೆ ಬೀಳಲೇ ಇಲ್ಲ. ಅವರು ಆಗಲೇ ಎದ್ದು ಕನ್ನಡಿಯ ಮುಂದೆ ನಿಂತಿದ್ದರು. ರೋಗದ ಬೇರು ಸಿಕ್ಕಿತು! ಮನಸ್ಸು ತಿದ್ದಿಕೊಳ್ಳಲು ಋಷಿಮುನಿಗಳಿಗೇ ಸಾವಿರಾರು ವರ್ಷ ಬೇಕಾಯಿತಂತೆ. ಹುಬ್ಬು ಎಂದರೆ ಎಷ್ಟು? ಒಂದು ಬೆರಳುದ್ದ! ಮೂರು ದಿನ ಧಾರಾಳವಾಯಿತು. ಆಗಲೇ ಬಂದು ಮೇಜು ಗುದ್ದಿದ್ದು, ಟೀ ಉರುಳಿದ್ದು.

ಬುಧವಾರ ಮನೆಯಲ್ಲಿದ್ದಷ್ಟು ಹೊತ್ತೂ ಹುಬ್ಬು ಇಳಿಸುವ ಸಾಧನೆ ನಡೆಯಿತು. ಇಪ್ಪತ್ತೆರಡು ವರ್ಷ ಸರಕಾರಿ ಸೇವೆ ಸಲ್ಲಿಸಿದ ಹುಬ್ಬು ಹೇಳಿದ ಮಾತು ಕೇಳುತ್ತದೆಯೇ? ಹಾಲಿನವನು ಗಂಟೆ ಬಾರಿಸಿದ, ಏರಿತು. ಪಕ್ಕದ ಮನೆಯವರು ಏಣಿ ಕೇಳಿದರು, ಏರಿತು. ಹೆಂಡತಿ, "ಉಪ್ಪು ಸರಿಯಿದೆಯಾ?" ಎಂದಳು. ಅಷ್ಟು ಸಾಧಾರಣ ಪ್ರಶ್ನೆಗೂ ಅದು ಕೂದಲಿನ ಗಡಿಗೆ ಹೋಗಿ ಕೂತಿತು.

"ನೋಡ್ರೀ, ನಾಳೆ ಬಾ ಅಂತಿದೆ ನಿಮ್ಮ ಹುಬ್ಬು. ಹಸಿವಾಗಿಲ್ವಾ? ತಟ್ಟೆ ತೆಗೀಲಾ?"

ಗುರುವಾರ ಬೆಳಗ್ಗೆ ಗುಮಾಸ್ತರು ಉಗ್ರ ಕ್ರಮಕ್ಕೆ ಇಳಿದರು. ಗಾಯಕ್ಕೆ ಅಂಟಿಸುವ ಅಗಲವಾದ ಪ್ಲಾಸ್ಟರ್ ತಂದು, ಹುಬ್ಬಿನ ಮೇಲೆ ಒಂದು ತುದಿ, ಕೆನ್ನೆಯ ಮೇಲೆ ಒಂದು ತುದಿ ಎಳೆದು ಬಿಗಿದರು. ಮುಖದ ಎಡಗಡೆ ಗೋಣಿಚೀಲದ ಬಾಯಿ ಕಟ್ಟಿದಂತಾಯಿತು. ಹೊಟ್ಟೆನೋವೆಂದು ರಜೆ ಹಾಕಿ, ಹಾಗೇ ಕೂತು ದಿನಪತ್ರಿಕೆ ಓದಿದರು. ಹುಬ್ಬು ಅಲುಗಲಿಲ್ಲ. "ಸೋಲೊಪ್ಪಿಕೊಂಡಿತು!" ಎಂದು ಕೂಗಿದರು.

ಮಧ್ಯಾಹ್ನ ಪ್ಲಾಸ್ಟರ್ ಬಿಚ್ಚಬೇಕಾಯಿತು. ಅದು ಬರಲೊಲ್ಲದು. "ನಿಧಾನಕ್ಕೆ ತೆಗಿಯೇ, ನಿಧಾನ" ಎಂದು ಅವರು ಗೋಗರೆದರು. ಹೆಂಡತಿಗೆ ನಿಧಾನದ ಅಭ್ಯಾಸವಿಲ್ಲ. "ಒಂದು, ಎರಡು" ಎಂದವಳು ಮೂರಕ್ಕೆ ಕಾಯದೆ ಎಳೆದೇಬಿಟ್ಟಳು! ಪ್ಲಾಸ್ಟರ್ ಬಂತು. ಅದರ ಜೊತೆ ಅರ್ಧ ಹುಬ್ಬೂ ಬಂತು.

"ಅಯ್ಯೋ, ನನ್ನ ಹುಬ್ಬು!"

"ಎಲ್ಲೂ ಹೋಗಿಲ್ಲ ಬಿಡಿ. ಇಲ್ಲೇ ಅಂಟಿಕೊಂಡಿದೆ" ಎಂದು ಆಕೆ ಪ್ಲಾಸ್ಟರ್ ತೋರಿಸಿದಳು.

ಬೋಳಾದ ಅರ್ಧಕ್ಕೂ ಇರುವ ಅರ್ಧಕ್ಕೂ ಹೊಂದಿಸಿ ಸಪೂರ ಮಾಡಿಸೋಣವೆಂದು ಗುಮಾಸ್ತರು ತಲೆಗೆ ಟವೆಲ್ ಸುತ್ತಿಕೊಂಡು ರಸ್ತೆ ತುದಿಯ ಕ್ಷೌರದಂಗಡಿಗೆ ಓಡಿದರು. ಕ್ಷೌರಿಕ ಟವೆಲ್ ಸರಿಸಿ ನೋಡಿ, ಮರ್ಯಾದಸ್ಥನಾದ್ದರಿಂದ ಏನೂ ಕೇಳಲಿಲ್ಲ. ಕತ್ತಿ ಮಸೆದ.

"ಅಲ್ಲಾಡಬೇಡಿ ಸಾರ್. ಒಂದೇ ನಿಮಿಷ."

ಗುಮಾಸ್ತರು ಕಣ್ಣು ಮುಚ್ಚಿ ಕಲ್ಲಿನಂತೆ ಕೂತರು. ಕತ್ತಿ ಹುಬ್ಬಿನ ಮೇಲಂಚಿಗೆ ಬಂತು. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಕ್ಷೌರಿಕನಿಗೆ ಗಿರಾಕಿಯ ಹಿತ ಬಯಸುವ ಚಟ.

"ಸಾರ್, ತಪ್ಪು ತಿಳ್ಕೋಬೇಡಿ. ತಲೆಗೂದಲಿಗೂ ಸ್ವಲ್ಪ ಬಣ್ಣ ಹಾಕ್ಸಿಬಿಡಿ. ಹೋದ ವಾರ ಅಮ್ಮಾವ್ರು ಈ ಕಡೆ ಹೋಗ್ತಿದ್ರಲ್ಲ, ಜೊತೆಗೆ ಬರ್ತಿರೋರು ಅವರ ತಂದೆ ಅಂದ್ಕೊಂಡಿದ್ದೆ."

ಏನು! ನಾನು ಅವಳ ತಂದೆಯೇ? ಗುಮಾಸ್ತರು ಬಾಯಿ ತೆರೆಯಲಿಲ್ಲ. ಅವರ ಪರವಾಗಿ ಎಂದಿನಂತೆ ಹುಬ್ಬೇ ಉತ್ತರ ಕೊಡಲು ಹೊರಟಿತು. ಇದ್ದ ಅರ್ಧವೂ ಜಿಗ್ಗನೆ ಮೇಲೆ ಹಾರಿ ನೇರ ಕತ್ತಿಯ ಬಾಯಿಗೆ ಹೋಗಿ ಬಿತ್ತು!

"ನಂದೇನೂ ತಪ್ಪಿಲ್ಲ ಸಾರ್!" ಕ್ಷೌರಿಕ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಕತ್ತಿ ಆಡಿಸೇ ಇಲ್ಲ. ನೀವೇ ಹುಬ್ಬು ತಂದು ಕತ್ತಿಗೆ ಕೊಟ್ರಿ!"

ಕನ್ನಡಿಯಲ್ಲಿ ಎಡಗಡೆ ಬಟಾಬಯಲು. ಬಲಗಡೆ ಮಾತ್ರ ಹುಬ್ಬು ಹಾಯಾಗಿ ಮಲಗಿತ್ತು. ಆ ಮುಖ ನೋಡಿ ಗುಮಾಸ್ತರಿಗೆ ಅಳು ಬಂತು. ನಿಜವಾಗಿಯೂ ಬಂತು. ನಾಳೆ ಮೇಡಂ ಪಕ್ಕದಲ್ಲಿ ಕೂರುತ್ತಾರೆ. ಮುಖದ ಮೇಲೆ ಒಂದೇ ಹುಬ್ಬು ಇಟ್ಟುಕೊಂಡು ಯಾವ ಮನುಷ್ಯ ಸೂಪರಿಂಟೆಂಡೆಂಟ್ ಆದಾನು?

"ಈಗೇನು ಮಾಡೋದಯ್ಯಾ?"

"ಒಂದಿದ್ರೆ ಇನ್ನೊಂದೆಲ್ಲಿ ಅಂತ ಜನ ಕೇಳ್ತಾರೆ ಸಾರ್. ಎರಡೂ ಇಲ್ದಿದ್ರೆ ಯಾರೂ ಕೇಳಲ್ಲ. ಹುಟ್ಟಿದ್ದೇ ಹಾಗೆ ಅಂದ್ಕೋತಾರೆ."

ಗುಮಾಸ್ತರು ತಲೆಯನ್ನು ಮತ್ತೆ ಕುರ್ಚಿಗೆ ಒರಗಿಸಿದರು. ಬಲಹುಬ್ಬೂ ಹೋಯಿತು. ಪಾಪ, ಅದು ಯಾವ ಪಾಪವನ್ನೂ ಮಾಡಿರಲಿಲ್ಲ.

ಮನೆಯ ಬಾಗಿಲು ತೆರೆದ ಅತ್ತೆ, "ಯಾರು ಬೇಕಿತ್ತು?" ಎಂದು ಕೇಳಿದರು. ಹೆಂಡತಿ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅರ್ಧ ಗಂಟೆ ಕುಣಿಯಿತು. ಗುಮಾಸ್ತರಿಗೆ ಹುಬ್ಬೇರಿಸಿ ಅವಳನ್ನು ಸುಮ್ಮನಿರಿಸುವ ಸೌಲಭ್ಯವೂ ಈಗ ಉಳಿದಿರಲಿಲ್ಲ.

"ಅಳಿಯಂದಿರೇ, ಪದದ ಬೇರು ಕಿತ್ತುಬಿಟ್ರಿ. ಇನ್ನು ಅರ್ಥ ಮಾತ್ರ ಉಳೀತು" ಎಂದು ಅತ್ತೆ ಒಳಗೆ ಹೋದರು.

ಶುಕ್ರವಾರ ಬೆಳಗ್ಗೆ ಹೆಂಡತಿಗೆ ಕನಿಕರ ಬಂತು. "ಕೂತ್ಕೊಳ್ಳಿ, ನನ್ನ ಹುಬ್ಬಿನ ಪೆನ್ಸಿಲ್ ಇದೆ, ಬರೆದುಕೊಡ್ತೀನಿ. ಗಾಜಿನ ಹಿಂದೆ ಕೂತ್ರೆ ಯಾರಿಗೂ ಗೊತ್ತಾಗಲ್ಲ" ಎಂದಳು. "ಮೊದಲು ಇದ್ದ ಹಾಗೇ ಬರಿ" ಎಂದರು ಗುಮಾಸ್ತರು. ಅವಳು ಬಹಳ ಶ್ರದ್ಧೆಯಿಂದ, ನಾಲಿಗೆ ಕಚ್ಚಿಕೊಂಡು ಬರೆದಳು. ಬಸ್ಸಿಗೆ ಹತ್ತೇ ನಿಮಿಷವಿರುವಾಗ ಗುಮಾಸ್ತರು ಕನ್ನಡಿ ನೋಡಿದರು. ಬಲಹುಬ್ಬು ಸರಿಯಾಗಿ ತನ್ನ ಜಾಗದಲ್ಲಿತ್ತು. ಎಡಹುಬ್ಬು ಕೂದಲಿನ ಗಡಿಯಲ್ಲಿತ್ತು!

"ಇದೇನೇ ಇದು? ಎಡಗಡೆದು ಯಾಕೆ ಅಲ್ಲಿಗೆ ಹೋಗಿದೆ?"

"ಇದ್ದ ಹಾಗೇ ಬರಿ ಅಂದ್ರಲ್ಲ! ಮದುವೆಯಾದ ದಿನದಿಂದ ನಾನು ಅದನ್ನ ನೋಡಿರೋದೇ ಅಲ್ಲಿ. ಕೆಳಗಿತ್ತು ಅಂತ ನನಗೇನು ಗೊತ್ತು?"

"ಅಳಿಸಿ ಬರಿಯೇ!"

"ಅಳಿಸಿದ್ರೆ ಹಣೆಯೆಲ್ಲ ಮಸಿ ಆಗುತ್ತೆ. ಬಸ್ಸು ತಪ್ಪುತ್ತೆ, ಹೊರಡಿ, ಹೊರಡಿ."

ಹತ್ತೂವರೆಗೆ ಕಿಂಡಿ ತೆರೆಯಿತು. ಪಕ್ಕದಲ್ಲಿ ಮೇಡಂ ನೋಟ್‌ಪುಸ್ತಕ ಹಿಡಿದು ಕೂತರು. ಆಚೆ ನಲವತ್ತು ಜನರ ಸಾಲು. ಗುಮಾಸ್ತರು ಮುಖದಲ್ಲಿ ತಮಗೆ ಸಾಧ್ಯವಾದಷ್ಟು ವಿನಯ ತಂದುಕೊಂಡರು. ಕೈ ಜೋಡಿಸಿದರು. ತುಟಿಗೆ ನಗು ಹಚ್ಚಿದರು. ಮೊದಲು ನಿಂತವನು ಮೀಟರಿನ ಅರ್ಜಿ ಹಿಡಿದ ಮೇಸ್ತ್ರಿ. ಅವನು ತುಟಿ ನೋಡಲಿಲ್ಲ, ಕೈ ನೋಡಲಿಲ್ಲ. ನೇರ ಹುಬ್ಬು ನೋಡಿದ.

"ಆಯ್ತು ಸಾರ್, ನಾಳೆ ಬರ್ತೀನಿ" ಎಂದು ಹೊರಟೇಬಿಟ್ಟ.

ಎರಡನೆಯವಳೂ ಹುಬ್ಬು ನೋಡಿ ಹೋದಳು. ಮೂರನೆಯವರು ಅರ್ಜಿಯನ್ನು ಜೇಬಿನಿಂದ ತೆಗೆಯಲೂ ಇಲ್ಲ. ಹಿಂದಿನವರು ಕತ್ತು ಚಾಚಿದರು, ಪಿಸುಗುಟ್ಟಿದರು, ಜೋಡಿಜೋಡಿಯಾಗಿ ಮೆಟ್ಟಿಲಿಳಿಯತೊಡಗಿದರು.

"ಏನ್ರೀ ಇದು?" ಮೇಡಂ ಕೇಳಿದರು. "ನೀವು ಏನೂ ಹೇಳಲೇ ಇಲ್ಲ, ಅವರೂ ಏನೂ ಕೇಳಲಿಲ್ಲ. ಎಲ್ಲಾ ವಾಪಸ್ ಹೋಗ್ತಿದ್ದಾರಲ್ಲ?"

ಗುಮಾಸ್ತರಿಗೆ ಬೆವರು ಕಿತ್ತುಕೊಂಡು ಬಂತು. ಬೆವರು ಬಂದರೆ ಮನುಷ್ಯ ಏನು ಮಾಡುತ್ತಾನೆ? ಕರವಸ್ತ್ರ ತೆಗೆಯುತ್ತಾನೆ, ಒರೆಸಿಕೊಳ್ಳುತ್ತಾನೆ. ಗುಮಾಸ್ತರೂ ಹಣೆಯನ್ನು ಆಚೆಯಿಂದ ಈಚೆಗೆ ಚೆನ್ನಾಗಿ ಒರೆಸಿಕೊಂಡರು. ಕರವಸ್ತ್ರ ಕಪ್ಪಾಯಿತು. ಮೇಡಂ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಅಷ್ಟರಲ್ಲಿ ಕಿಂಡಿಗೆ ಒಬ್ಬ ಅಜ್ಜಿ ಬಂದರು. ಮನೆಯ ನೀರಿನ ಸಂಪರ್ಕವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಎಂಟು ತಿಂಗಳಿಂದ ಅಲೆಯುತ್ತಿದ್ದವರು. ಅರ್ಜಿ ಕೊಟ್ಟು, ಅಭ್ಯಾಸಬಲದಿಂದ ಗುಮಾಸ್ತರ ಹಣೆ ನೋಡಿದರು. ಕನ್ನಡಕ ಏರಿಸಿ ನೋಡಿದರು. ಕೆಳಗಿಳಿಸಿ ನೋಡಿದರು. ಕೊನೆಗೆ ಹಿಂದಿನವನನ್ನು ಕರೆದರು.

"ಇವತ್ತು ಎಷ್ಟು ಮೇಲಿದೆ ನೋಡಿ ಹೇಳಪ್ಪ. ನನಗೆ ಕಾಣಿಸ್ತಿಲ್ಲ."

ಅವನು ಗಾಜಿಗೆ ಮೂಗು ಒತ್ತಿ ನೋಡಿದ. "ಇಲ್ಲವೇ ಇಲ್ಲ ಅಜ್ಜಿ!"

"ಇಲ್ಲ ಅಂದ್ರೆ ಏನರ್ಥ?"

ಅದಕ್ಕೆ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಹಣೆಯನ್ನು ಹಿಂಡಿದರು, ಮಡಿಚಿದರು, ಎಳೆದರು. ಚರ್ಮ ಅಲುಗಿತೇ ಹೊರತು ಒಂದಕ್ಷರವೂ ಮೂಡಲಿಲ್ಲ. ಮೇಡಂ ನೋಡುತ್ತಿದ್ದರು. ಅಜ್ಜಿ ಕಾಯುತ್ತಿದ್ದರು. ಬೇರೆ ದಾರಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಗುಮಾಸ್ತರು ಕಿಂಡಿಯತ್ತ ಬಗ್ಗಿ ಬಾಯಿ ತೆರೆದರು.

"ಅಮ್ಮಾ, ಇದಕ್ಕೊಂದು ಫೋಟೋ ಅಂಟಿಸಬೇಕು. ಅಷ್ಟೇ. ಬೇರೆಲ್ಲ ಸರಿಯಿದೆ."

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ! ಮಾತು ಬಂತು! ಇವರಿಗೆ ಮಾತು ಬಂತು!"

"ಏನು, ಮೂರನೇ ಕೌಂಟರಿನವರಿಗಾ? ಮಾತು ಬಂತಾ?" ಸಾಲಿನ ಕೊನೆಯವರೆಗೂ ಸುದ್ದಿ ಓಡಿತು. ಯಾರೋ ಚಪ್ಪಾಳೆ ತಟ್ಟಿದರು. ಮೆಟ್ಟಿಲಿಳಿದಿದ್ದ ಮೇಸ್ತ್ರಿ ಹಿಂದಿರುಗಿ ಓಡಿಬಂದ. ಅಜ್ಜಿಯ ಕಣ್ಣಲ್ಲಿ ನೀರಿತ್ತು.

"ಯಾವ ಡಾಕ್ಟ್ರಿಗಪ್ಪಾ ತೋರಿಸಿದ್ದು? ಎಷ್ಟು ದಿನವಾಯ್ತು ಮಾತು ಬಂದು?"

ಗುಮಾಸ್ತರು ತಬ್ಬಿಬ್ಬಾದರು. "ನನಗೆ ಮೊದಲಿಂದಲೂ ಬರುತ್ತಮ್ಮಾ."

"ಮೊದಲಿಂದಲೂ ಬರುತ್ತಾ?"

"ಹೌದು. ಹುಟ್ಟಿದಾಗಿಂದಲೂ."

ಅಜ್ಜಿಯ ಕಣ್ಣೀರು ಅಲ್ಲೇ ಆರಿತು.

"ನಾವೆಲ್ಲ ಪಾಪ ಮೂಗರು ಅಂದ್ಕೊಂಡು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ವಲ್ಲ! ಫೋಟೋ ಬೇಕು ಅನ್ನೋ ಒಂದು ಮಾತಿಗೆ ನಾನು ಎಂಟು ತಿಂಗಳು ಅಲೆದೆನಾ? ದೇವರು ಮಾತು ಕಿತ್ಕೊಂಡಿದ್ದಾನೆ, ಇಂಥೋರ ಮೇಲೆ ದೂರು ಕೊಟ್ರೆ ನಮಗೆ ಪಾಪ ಸುತ್ಕೊಳ್ಳುತ್ತೆ ಅಂತ ನನ್ನ ಮಗನ್ನೂ ತಡೆದಿದ್ದೆ!" ಅವರು ಮೇಡಂ ಕಡೆ ತಿರುಗಿದರು. "ಅಮ್ಮಾ, ದೂರು ಬರೆಯೋ ಕಾಗದ ಎಲ್ಲಿ ಸಿಗುತ್ತೆ?"

"ನನಗೂ ಒಂದು!" ಎಂದ ಮೇಸ್ತ್ರಿ.

"ಈ ಕಡೆಗೆ ಎರಡು ಕೊಡಿ!"

ದೂರು ಸ್ವೀಕರಿಸುವ ಕೌಂಟರ್ ಯಾವುದು? ಮೂರನೆಯದೇ! ಮುದ್ರಿಸಿಟ್ಟ ಕಾಗದಗಳನ್ನು ಗುಮಾಸ್ತರೇ ಎಣಿಸಿ ಕಿಂಡಿಯಿಂದ ಹೊರಗೆ ದೂಡಿದರು. ಅರ್ಧ ಗಂಟೆಯಲ್ಲಿ ಅವೆಲ್ಲ ತುಂಬಿಕೊಂಡು ಒಳಗೆ ಬಂದವು. ಒಂದೊಂದನ್ನೂ ಓದಬೇಕು, ಮೊಹರು ಒತ್ತಬೇಕು, ಕೆಳಗೆ ರುಜು ಹಾಕಬೇಕು. ಕಚೇರಿಯ ನಿಯಮ ಅದು. ಓದುತ್ತಾ ಓದುತ್ತಾ ಗುಮಾಸ್ತರ ಮುಖ ಸಣ್ಣದಾಯಿತು. ಒಬ್ಬಾಕೆ ಕೂಸನ್ನೆತ್ತಿಕೊಂಡು ಐದು ಸಲ ಬಂದಿದ್ದಳಂತೆ. ಇನ್ನೊಬ್ಬರು ನಲ್ಲಿಯಿಲ್ಲದೆ ಒಂದು ವರ್ಷ ಪಕ್ಕದ ಬೀದಿಯಿಂದ ನೀರು ಹೊತ್ತಿದ್ದರಂತೆ. ಎಲ್ಲಕ್ಕೂ ಕಾರಣ ಒಂದು ಜೆರಾಕ್ಸ್, ಒಂದು ಫೋಟೋ, ಒಂದು ಸಹಿ. ಹೇಳಿದ್ದರೆ ಎರಡು ನಿಮಿಷದ ಕೆಲಸ. ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ.

ಕಡೆಯದು ಅಜ್ಜಿಯ ದೂರು. ಗುಮಾಸ್ತರು ನೋಡಿದರು. ಮತ್ತೊಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಇಲ್ಲಿ ಕೆಳಗೆ ನೀವು ಸಹಿ ಹಾಕೋದು ಮರೆತಿದ್ದೀರಿ. ಸಹಿ ಇಲ್ದಿದ್ರೆ ನನ್ನ ಮೇಲಿನ ದೂರು ಊರ್ಜಿತ ಆಗಲ್ಲ. ತಗೊಳ್ಳಿ, ಪೆನ್ನು."

ಅಜ್ಜಿ ಸಹಿ ಹಾಕಿದರು. "ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲೋ, ಪುಣ್ಯಾತ್ಮ" ಎಂದು ಬೈದುಕೊಂಡೇ ಹೋದರು.

ಜನ ಚದುರಿದ ಮೇಲೆ ಗುಮಾಸ್ತರು ಎದ್ದು ಮೇಡಂ ಮುಂದೆ ನಿಂತರು. ಕೈ ತಾನಾಗಿಯೇ ಮುಗಿದಿತ್ತು.

"ಮೇಡಂ, ಆ ಪದ..."

"ಹೊಡೆದುಹಾಕ್ತಾ ಇದ್ದೀನಿ" ಎಂದರು ಮೇಡಂ. ವರದಿ ತೆರೆದು, ಅವರ ಕಣ್ಣೆದುರಿಗೇ ಸೂಪರ್‌ಸಿಲಿಯಸ್ ಮೇಲೆ ಅಡ್ಡಗೆರೆ ಎಳೆದರು.

ಗುಮಾಸ್ತರಿಗೆ ಹೋದ ಜೀವ ಬಂತು. "ಬಹಳ ಉಪಕಾರವಾಯ್ತು ಮೇಡಂ! ಹಾಗಿದ್ರೆ ಬಡ್ತಿ...?"

"ಹಿಂದಿನ ಸಾಹೇಬರು ಒಂದೇ ಪದದಲ್ಲಿ ಮುಗಿಸಿದ್ದು ಸರಿಯಲ್ಲ. ಇಷ್ಟು ಜನ ವಿವರವಾಗಿ ಬರೆದುಕೊಟ್ಟಿರುವಾಗ ಅದ್ಯಾಕೆ ಬೇಕು?" ಎನ್ನುತ್ತಾ ಮೇಡಂ ದೂರುಗಳ ಕಂತೆಯನ್ನು ವರದಿಯ ಹಿಂದೆ ಇಟ್ಟು ಟ್ಯಾಗ್ ಬಿಗಿದರು. "ಯಾರೋ ಆಗದವರು ಬರೆದದ್ದು ಅಂತ ಯಾರೂ ಅನ್ನೋ ಹಾಗೂ ಇಲ್ಲ. ನೋಡಿ, ಪ್ರತಿಯೊಂದರ ಕೆಳಗೂ 'ಓದಿ ಸ್ವೀಕರಿಸಿದ್ದೇನೆ' ಅಂತ ನಿಮ್ಮದೇ ರುಜು ಇದೆ!"